ನಾಲೆ ನಿಂತ ದಿನಗಳಿಗೆ ಸೈಡ್ ಕ್ವೆಸ್ಟ್: ನೀರುಗಂಟಿ ಆಟದ ಪ್ರಗತಿ

ಮಂಡ್ಯದ ನಾಲಾ ಬಯಲಿನ ಒಂದು ಕಲ್ಪಿತ ಹಳ್ಳಿಯಲ್ಲಿ ನಡೆಯುವ ನನ್ನ ಸಣ್ಣ ರೋಲ್ ಪ್ಲೇಯಿಂಗ್ (ಪಾತ್ರವೊಂದಾಗಿ ಆಡುವ) ವಿಡಿಯೋ ಆಟದ ಮುಖ್ಯ ಕಥೆಯನ್ನು ಈಗ ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಆಡಬಹುದಾಗಿದೆ. ಇಲ್ಲಿ ಆಟಗಾರನು ಊರಿನ ನೀರುಗಂಟಿ. ತೂಬು ಎತ್ತಿ ಇಳಿಸಿ, ಮೇಲಿನ ಗದ್ದೆಯವರ ಜಗಳ ಬಿಡಿಸಿ, ಕೊನೆಭಾಗದ ಜಮೀನಿಗೂ ನೀರು ಮುಟ್ಟಿಸುವುದು ಅವನ ಹೊಣೆ. ಆಟ ಕಟ್ಟುವ ತಂತ್ರಾಂಶವಾದ ಗೋಡೋ 4ರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದರಿಂದ ಸಂಭಾಷಣೆಯ ಭಾಗವೂ ಹೆಚ್ಚು ತೊಂದರೆ ಕೊಡದೆ ಮುಗಿದಿದೆ. ಈ ಸಲದ ಕೆಲಸವೆಲ್ಲ ನಡೆದದ್ದು ಮುಖ್ಯ ಕಥೆಯ ಪಕ್ಕದಲ್ಲಿ ಬರುವ ಸಣ್ಣ ಉಪಕೆಲಸಗಳ, ಅಂದರೆ ಸೈಡ್ ಕ್ವೆಸ್ಟ್‌ಗಳ ಮೇಲೆ.

ದೊಡ್ಡ ಆಟಗಳಲ್ಲಿ ಸೈಡ್ ಕ್ವೆಸ್ಟ್‌ಗಳಿರುವುದೇ ಗಂಟೆಗಳನ್ನು ಹಿಗ್ಗಿಸುವುದಕ್ಕೆ ಎಂಬ ದೂರು ಹಳೆಯದು, ಅದರಲ್ಲಿ ಹುರುಳೂ ಇದೆ. 2014ರ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್ ಆಟದ ಹಿಂಟರ್‌ಲ್ಯಾಂಡ್ಸ್ ಪ್ರದೇಶದಲ್ಲಿ ಹಸಿದ ನಿರಾಶ್ರಿತರಿಗಾಗಿ ಟಗರುಗಳನ್ನು ಬೇಟೆಯಾಡಿ 10 ತುಂಡು ಮಾಂಸ ತರಬೇಕು. ಇಂತಹ ಕೆಲಸಗಳಿಂದ ‘ಪವರ್’ ಎಂಬ ಅಂಕ ಕೂಡುತ್ತದೆ, ಆ ಅಂಕವಿಲ್ಲದೆ ಮುಖ್ಯ ಕಥೆಯ ಮುಂದಿನ ಬಾಗಿಲು ತೆರೆಯದು. ಹಸಿವಿನಂತಹ ಗಂಭೀರ ವಿಷಯವೂ ಅಲ್ಲಿ ಸುಂಕದ ಕಟ್ಟೆಯಾಗಿಬಿಡುತ್ತದೆ.

ಹಾಗೆಂದು ವಸ್ತುವೊಂದನ್ನು ತಂದುಕೊಡುವ ಕೆಲಸವೇ ಹೀನವೆಂದು ನಾನು ಒಪ್ಪುವುದಿಲ್ಲ. 2015ರ ದಿ ವಿಚರ್ 3ರ ಆರಂಭದ ಊರಾದ ವೈಟ್ ಆರ್ಚರ್ಡ್‌ನಲ್ಲಿ ಮುದುಕಿಯೊಬ್ಬಳು ಬೀಗ ಬಿದ್ದ ಗುಡಿಸಲಿನಲ್ಲಿರುವ ತನ್ನ ಬಾಣಲಿಯನ್ನು ತಂದುಕೊಡೆಂದು ಕೇಳುತ್ತಾಳೆ. ಬಾಗಿಲು ಒಡೆದು ಒಳಗೆ ಹೋದರೆ ಒಂದು ಹೆಣ ಬಿದ್ದಿದೆ. ಬಾಣಲಿಯ ಮಸಿಯನ್ನೆಲ್ಲ ಯಾರೋ ಕೆರೆದು ಶಾಯಿ ಮಾಡಿಕೊಂಡಿದ್ದಾರೆ. ಯುದ್ಧ ಹಾದುಹೋದ ಊರು ಹೇಗಿರುತ್ತದೆಂಬುದು ಕೆಲವೇ ನಿಮಿಷಗಳಲ್ಲಿ ತಿಳಿದುಬಿಡುತ್ತದೆ. ಅದೇ ಆಟದ ನಕಾಶೆಯಲ್ಲಿ ಸ್ಕೆಲಿಗ ದ್ವೀಪಗಳ ಸಮುದ್ರದ ತುಂಬ ಹರಡಿರುವ ಪ್ರಶ್ನಾರ್ಥಕ ಚಿಹ್ನೆಗಳನ್ನು ಬೆನ್ನಟ್ಟಿ, ದೋಣಿಯಲ್ಲಿ ಹೋಗಿ, ಕಳ್ಳಸಾಗಣೆಯವರ ಮಾಲನ್ನು ಒಂದೊಂದಾಗಿ ಎತ್ತಿದವರಿಗೆ ಅಂತಹದ್ದೇನೂ ದಕ್ಕುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಪ್ರಶ್ನೆ. ವಿಚರ್‌ನಲ್ಲಿ ಸಾಕುಮಗಳಂತಿರುವ ಸಿರಿಯನ್ನು ಶತ್ರುಗಳು ಅಟ್ಟಿಸಿಕೊಂಡು ಬರುತ್ತಿದ್ದಾರೆ, ಅವಳನ್ನು ಹುಡುಕಬೇಕಾದ ನಾಯಕ ಗೆರಾಲ್ಟ್ ಹೋಟೆಲಿನಲ್ಲಿ ಕುಳಿತು ಗ್ವೆಂಟ್ ಎಂಬ ಇಸ್ಪೀಟಿನಂತಹ ಆಟದ ಎಲೆಗಳನ್ನು ಎಸೆಯುತ್ತಾನೆ. ಎಷ್ಟು ಸೊಗಸಾದ ಉಪಕಥೆಯಾದರೂ ಮುಖ್ಯ ಕಥೆ ‘ಓಡು, ಓಡು’ ಎನ್ನುತ್ತಿರುವಾಗ ಎದುರಾದರೆ ಅದು ಅಡ್ಡಿಯಾಗಿಯೇ ಕಾಣುತ್ತದೆ. ಮಹಾಭಾರತದಲ್ಲಿ ನಳನ ಕಥೆ ಬರುವುದು ಅರಣ್ಯಪರ್ವದಲ್ಲಿ. ಪಾಂಡವರ ಮುಂದೆ ಹನ್ನೆರಡು ವರ್ಷಗಳ ವನವಾಸವಿದೆ, ಕೇಳುವುದಕ್ಕೆ ಬಿಡುವಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಯುಧಿಷ್ಠಿರನಿಗೆ ಬೃಹದಶ್ವನು ಹೇಳುವುದು ಜೂಜಿನಲ್ಲಿಯೇ ರಾಜ್ಯ ಕಳೆದುಕೊಂಡ ಮತ್ತೊಬ್ಬನ ಕಥೆಯನ್ನು. ಅದನ್ನು ಕುರುಕ್ಷೇತ್ರದ ನಡುವೆ ತಂದಿಟ್ಟಿದ್ದರೆ ಕೇಳುವ ತಾಳ್ಮೆ ಯಾರಿಗಿರುತ್ತಿತ್ತು? ಆಟಗಳ ಪೈಕಿ 2000ದ ಬಾಲ್ಡರ್ಸ್ ಗೇಟ್ 2 ಇದನ್ನು ಜಾಣತನದಿಂದ ಬಿಡಿಸಿಕೊಂಡಿದೆ. ಸೆರೆಯಾದ ಗೆಳತಿಯನ್ನು ಹುಡುಕಿಕೊಡಲು ದಲ್ಲಾಳಿಯೊಬ್ಬ 20,000 ಚಿನ್ನದ ನಾಣ್ಯ ಕೇಳುವುದರಿಂದ ಊರಿನ ಯಾವ ಕೆಲಸ ಹಿಡಿದರೂ ಅದು ಅವಳ ಬಿಡುಗಡೆಗೇ ಸಲ್ಲುತ್ತದೆ. ಇಲ್ಲಿಯೂ ಒತ್ತಾಯವಿದೆ, ಆದರೆ ಅದು ಕಥೆಯೊಳಗಿನ ಒತ್ತಾಯ, ಮತ್ತು ಯಾವ ಕೆಲಸವೆಂಬ ಆಯ್ಕೆ ನಮ್ಮದು.

ನನಗೆ ಈ ಬಿಡುವನ್ನು ನಾಲೆಯೇ ಒದಗಿಸಿತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನವರಿಗೆ ಕಟ್ಟು ಪದ್ಧತಿ ಹೊಸದಲ್ಲ: ಕೆಲವು ದಿನ ನೀರು ಹರಿಯುತ್ತದೆ, ಕೆಲವು ದಿನ ನಿಲ್ಲುತ್ತದೆ. ಆಟದ ಗಡಿಯಾರವನ್ನು ಈಗ ಇದಕ್ಕೆ ಹೊಂದಿಸಿದ್ದೇನೆ. ನೀರು ಹರಿಯುವ ದಿನಗಳಲ್ಲಿ ಯಾವ ಸೈಡ್ ಕ್ವೆಸ್ಟೂ ಆರಂಭವಾಗುವುದಿಲ್ಲ. ಮಾತನಾಡಿಸಿದರೆ ಆಲೆಮನೆಯ ಯಜಮಾನ, “ನಾಲೆ ನಿಂತ್ಮೇಲೆ ಬಾ ಕಣಣ್ಣೋ, ಈಗ ನಿಂಗೂ ಪುರ್ಸೊತ್ತಿಲ್ಲ, ನಂಗೂ ಇಲ್ಲ” ಎನ್ನುತ್ತಾನೆ. ನೀರು ನಿಂತಾಗ ಮುಖ್ಯ ಕಥೆಯೂ ಹೇಗೂ ನಿಂತಿರುತ್ತದೆ, ಆಟಗಾರ ಊರು ಸುತ್ತಬಹುದು.

ಆಲೆಮನೆಯ ಕ್ವೆಸ್ಟ್ ಅನ್ನು ಪೂರ್ತಿಯಾಗಿ ತಿರುಗಿ ಬರೆದೆ. ಹಿಂದಿನ ಆವೃತ್ತಿಯಲ್ಲಿ ಬೆಂಡೆಗಿಡಗಳನ್ನು ಎಣಿಸಿ ತಂದುಕೊಟ್ಟರೆ ಮುಗಿಯುತ್ತಿತ್ತು. ಬೆಂಡೆಯ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿದಾಗ ಬರುವ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಹಾಕಿದರೆ ಮಡ್ಡಿ ಮೇಲೆದ್ದು ಬರುತ್ತದೆ, ಅದನ್ನು ತೆಗೆದಷ್ಟೂ ಬೆಲ್ಲದ ಬಣ್ಣ ತಿಳಿಯಾಗುತ್ತದೆ. ಈಗ ಆ ಗಿಡಗಳಿರುವುದು ಹೋದ ಕಟ್ಟಿನ ಸರದಿಯಲ್ಲಿ ಯಾರಿಗೆ ನೀರು ತಪ್ಪಿತ್ತೋ ಅವರ ಹಿತ್ತಲಿನಲ್ಲಿ ಮಾತ್ರ. ನೀರುಗಂಟಿ ಅವರ ಬಾಗಿಲಿಗೆ ಹೋಗಿ ಕೇಳಬೇಕು, ಬೈಸಿಕೊಳ್ಳಲೂಬೇಕು. ಗಿಡ ಸಿಕ್ಕಿದರೆ ಕೊಪ್ಪರಿಗೆಯ ಪಕ್ಕದ ಅಚ್ಚುಗಳಲ್ಲಿ ಬೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ, ಸಿಗದಿದ್ದರೆ ಕಪ್ಪಾಗಿಯೇ ಉಳಿಯುತ್ತದೆ. ಎರಡೂ ಬಣ್ಣಗಳನ್ನು ಬರೆದಿಟ್ಟಿದ್ದೇನೆ. ಮದ್ದೂರು ಕಡೆಯ ನನ್ನ ಸೋದರತ್ತೆಯ ಮಗ ನೋಡಿ, ಕಪ್ಪು ಬೆಲ್ಲ ಇದ್ದಿಲಿನಂತೆ ಕಾಣುತ್ತಿದೆಯೆಂದು ನಕ್ಕ; ಬಣ್ಣವನ್ನು ಸ್ವಲ್ಪ ಕೆಂಪಿಗೆ ಸರಿಸಿದ್ದೇನೆ.

ಇದರೊಂದಿಗೆ ಎಲ್ಲ ಸೈಡ್ ಕ್ವೆಸ್ಟ್‌ಗಳ ಬಹುಮಾನವಾಗಿ ಸಿಗುತ್ತಿದ್ದ ಅನುಭವದ ಅಂಕಗಳನ್ನೂ ತೆಗೆದುಹಾಕಿದೆ. ಆಡಿನೋಡಿದ ಮೈಸೂರಿನ ಗೆಳೆಯರು ಅಂಕವಿಲ್ಲದಿದ್ದರೂ ಆಲೆಮನೆಗೆ ಹೋದರು, ಕಳೆದುಹೋದ ಎಮ್ಮೆಯನ್ನು ಹುಡುಕಲು ಮಾತ್ರ ಯಾರೂ ಹೋಗಲಿಲ್ಲ. ಆ ಎಮ್ಮೆಯ ಕ್ವೆಸ್ಟ್‌ಗೆ ಹಿಂದೊಮ್ಮೆ ನಾನು ಅತಿ ಹೆಚ್ಚು ಅಂಕ ಇಟ್ಟಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಅದನ್ನು ಪೂರ್ತಿಯಾಗಿ ಕಿತ್ತುಹಾಕಿದ್ದೇನೆ. ಎಮ್ಮೆ ಈಗ ಸುಮ್ಮನೆ ಕೆರೆ ಏರಿಯ ಮೇಲೆ ಮೇಯುತ್ತಿರುತ್ತದೆ.

ಒಂದು ತೊಡಕು ಉಳಿದಿದೆ. ಬಿಡುವಿನ ದಿನಗಳಲ್ಲಿ ಏನೂ ಮಾಡಲು ಇಷ್ಟವಿಲ್ಲದವನು ಮನೆಯ ಜಗಲಿಯಲ್ಲಿ ಮಲಗಿ ನೇರವಾಗಿ ಮುಂದಿನ ಕಟ್ಟಿಗೆ ಹೋಗುವಂತಿರಬೇಕು, ಆದರೆ ಹಾಗೆ ಹೋದಾಗ ಊರಿನವರ ದಿನಚರಿಯ ಲೆಕ್ಕ ತಪ್ಪಿ ಅರ್ಧ ಊರು ತೂಬಿನ ಬಳಿ ನಿಂತುಬಿಡುತ್ತಿದೆ. ಮುಂದಿನ ಆವೃತ್ತಿಯಲ್ಲಿ ಮೊದಲು ಸರಿಪಡಿಸುವುದು ಅದನ್ನೇ.