ಅಂದಾಜಿನ ಲೆಕ್ಕ
ಮೂರನೆಯ ತರಗತಿಯ ಮಗುವೊಂದು ಇಂದು 398ಕ್ಕೆ 204 ಕೂಡಿಸುವಾಗ, ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯದೆ, 5912 ಎಂದು ದುಂಡಗೆ ಬರೆದು ತಂದಿತು. ತಪ್ಪೆಂದು ಗೀಟು ಹಾಕುವ ಬದಲು, ಎರಡನ್ನೂ ಹತ್ತಿರದ ನೂರಕ್ಕೆ ತಂದು ನೋಡು ಎಂದೆ. 400, 200, ಒಟ್ಟು 600 ಎಂದು ಹೇಳುತ್ತಲೇ ಅದು ತಾನಾಗಿ ರಬ್ಬರ್ ಹುಡುಕತೊಡಗಿತು. ಕಳೆಯುವ ಲೆಕ್ಕದಲ್ಲಿ ಇನ್ನಷ್ಟು ಎಚ್ಚರ ಬೇಕು: 712ರಿಂದ 389 ಕಳೆಯುವಾಗ ಮೊದಲನೆಯದನ್ನು 700ಕ್ಕೆ ಇಳಿಸಿ, ಎರಡನೆಯದನ್ನು 400ಕ್ಕೆ ಏರಿಸಿದರೆ, 12 ಮತ್ತು 11ರ ಎರಡೂ ಕೊರತೆಗಳು ಸೇರಿಕೊಂಡು, ನಿಜವಾದ 323ರ ಬದಲು ಅಂದಾಜು 300ಕ್ಕೇ ನಿಲ್ಲುತ್ತದೆ. ನಿಖರ ಉತ್ತರವನ್ನು ಮೊದಲು ಕಂಡುಹಿಡಿದು, ಆಮೇಲೆ ಅದನ್ನೇ ನೂರಕ್ಕೆ ಹೊಂದಿಸಿ ಬರೆಯುವ ಮಕ್ಕಳನ್ನು ಕಂಡಾಗ, ಅಂದಾಜನ್ನೂ ನಾವು ಅಂಕದ ಪ್ರಶ್ನೆಯಾಗಿಸಿಬಿಟ್ಟೆವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಗುತ್ತದೆ.