ರಟ್ಟಿನ ಚಂದ್ರದ್ರೋಣ

ನಮ್ಮ ಹೈಸ್ಕೂಲಿನ ಭೂಗೋಳದ ಕೋಣೆಯಲ್ಲಿ ಒಂದು ಮೇಜಿನ ತುಂಬ ಚಿಕ್ಕಮಗಳೂರಿನ ಬೆಟ್ಟಸಾಲು, ಚಂದ್ರದ್ರೋಣ ಪರ್ವತ ಕೂತಿರುತ್ತಿತ್ತು. ಅದು ರಟ್ಟಿನದು. ಒಂಬತ್ತನೇ ತರಗತಿಯವರು ಪ್ರತಿ ವರ್ಷ ಅದನ್ನು ಹೊಸದಾಗಿ ಕಟ್ಟಬೇಕಿತ್ತು. ಸಂಚಿಕೆಗೆ ನೆನಪು ಬರೆದುಕೊಡಿ ಎಂದಾಗ ಮೊದಲು ಕಣ್ಣಿಗೆ ಬಂದದ್ದು ಅದೇ. ಈಗಿನ ಮಕ್ಕಳೂ ಕಟ್ಟಲಿ ಎಂಬ ಆಸೆಯಿಂದ ಅಳತೆಗಳ ಸಮೇತ ಬರೆಯುತ್ತಿದ್ದೇನೆ.

ಆಧಾರ 1:50,000ದ ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ಸರ್ವೆ ನಕ್ಷೆ. ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳು 20 ಮೀಟರಿಗೊಂದರಂತೆ ಇರುತ್ತವೆ. ಅಷ್ಟನ್ನೂ ಕತ್ತರಿಸಲು ಆಗದು, ಬೇಕಾಗಿಯೂ ಇಲ್ಲ. 100 ಮೀಟರಿಗೊಮ್ಮೆ ಬರುವ ದಪ್ಪ ಗೆರೆ ಸಾಕು. 700ರಿಂದ 1900ರವರೆಗೆ ಹದಿಮೂರು ಪದರ. ನಕ್ಷೆಯ ಅಳತೆಯಲ್ಲಿ 100 ಮೀಟರ್ ಎಂದರೆ 2 ಮಿ.ಮೀ.; ನಾವು ಬಳಸುತ್ತಿದ್ದದ್ದು 4 ಮಿ.ಮೀ. ರಟ್ಟು, ಹಾಗಾಗಿ ಎತ್ತರ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕಿಂತ ಹೆಚ್ಚು ಹಿಗ್ಗಿಸಬಾರದು. ಐದಾರು ಪಟ್ಟು ಮಾಡಿದರೆ ಗಿರಿಯ ಹುಲ್ಲುಗಾವಲಿನ ದುಂಡು ಬೆನ್ನುಗಳು ಸೂಜಿಮೊನೆಗಳಾಗಿ, ನಮ್ಮ ಬೆಟ್ಟವೇ ಅಲ್ಲವೆಂಬಂತಾಗುತ್ತದೆ.

ಒಂದೊಂದು ರಟ್ಟಿನ ಮೇಲೂ ಎರಡು ಗೆರೆ ಇಳಿಸಬೇಕು: ಕತ್ತರಿಸುವ ಗೆರೆ ಒಂದು, ಅದರ ಮೇಲಿನ ಪದರ ಕೂರುವ ಗೆರೆ ಇನ್ನೊಂದು. ಎರಡನೆಯದನ್ನು ಮರೆತರೆ ಶಿಖರಗಳು ಮೆಲ್ಲಮೆಲ್ಲನೆ ಜಾರಿ, ಕಲ್ಲತ್ತಿಗಿರಿ ಎಲ್ಲೋ ಹೋಗಿ ಕೂರುತ್ತದೆ. ಕಣಿವೆ ಯಾವುದು, ಬೆಟ್ಟದ ಚಾಚು ಯಾವುದು ಎಂಬ ಗೊಂದಲ ಎಲ್ಲರಿಗೂ ಆಗುವಂಥದ್ದು. ಗೆರೆಯ ಮೂತಿ ಎತ್ತರದ ಕಡೆ ತಿರುಗಿದ್ದರೆ ಕಣಿವೆ, ತಗ್ಗಿನ ಕಡೆ ತಿರುಗಿದ್ದರೆ ಚಾಚು. ಅಂಟಿಗೆ ಮೈದಾ ಗಂಜಿ, ಹುಳ ಹಿಡಿಯದಿರಲು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್; ಅದು ವಿಷ, ಕಲಸಿದವರು ಕೈ ತೊಳೆಯಲೇಬೇಕು). ಅಂಟು ನೀರಾದರೆ ರಟ್ಟು ಸೊಟ್ಟಗಾಗುತ್ತದೆ. ಒಂದು ಪದರ ಅಂಟಿಸಿ, ಮೇಲೆ ಇಟ್ಟಿಗೆ ಹೇರಿ, ಒಂದು ರಾತ್ರಿ ಬಿಟ್ಟು ಮುಂದಿನದು. ಮಳೆಗಾಲದಲ್ಲಿ ಶುರು ಮಾಡಲೇಬಾರದು.

ಕಟ್ಟುತ್ತ ಹೋದಂತೆ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಬೆರಳಿಗೆ ಸಿಗುತ್ತಿತ್ತು. ಕೆಳಗಿನ ಪದರಗಳಲ್ಲೇ ಕುದುರೆ ಲಾಳದ ಆಕಾರ ಮೂಡುತ್ತದೆ. ಬಾಯಿ ವಾಯವ್ಯಕ್ಕೆ, ಒಳಗೆ ಜಾಗರ ಕಣಿವೆ. 1800ಕ್ಕೆ ಬರುವಾಗ ಲಾಳ ಚೂರುಚೂರಾಗಿರುತ್ತದೆ. ಚೂರುಗಳ ಹಿಂದೆ ಪೆನ್ಸಿಲ್ಲಿನಲ್ಲಿ ಅಂಕಿ ಬರೆಯದಿದ್ದರೆ ಯಾವುದು ಎಲ್ಲಿಗೆಂದು ಗೊತ್ತಾಗುವುದಿಲ್ಲ. ಕೊನೆಯ 1900ರ ಪದರಕ್ಕೆ ಉಳಿಯುವುದು ಒಂದೇ ಒಂದು ಪುಟ್ಟ ಚೂರು, ಮುಳ್ಳಯ್ಯನಗಿರಿ. ಹಳೆಯ ಲೆಕ್ಕದಲ್ಲಿ ಅದು 6,317 ಅಡಿ, ಈಗ ಸಾಮಾನ್ಯವಾಗಿ ಹೇಳುವುದು 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಬೇರಿಲ್ಲ. ಬಾಬಾಬುಡನ್‌ಗಿರಿ 1,895 ಮೀಟರ್. ಐದೇ ಮೀಟರಿನಲ್ಲಿ ಕೊನೆಯ ಪದರ ತಪ್ಪಿಸಿಕೊಳ್ಳುತ್ತದೆ!

ಸಾಲು ಇಷ್ಟು ಎತ್ತರ ನಿಂತದ್ದಕ್ಕೆ ಕಾರಣ ನೆತ್ತಿಯ ಕಲ್ಲು. ಅಲ್ಲಿ ಕಬ್ಬಿಣದ ಅದಿರಿನ ಪಟ್ಟೆಪಟ್ಟೆ ಗಟ್ಟಿ ಶಿಲೆಯಿದೆ. ಸುತ್ತಲಿನ ಮೆತ್ತನೆಯ ಶಿಲೆ ಸವೆದು ಕೆಳಗಿಳಿದರೂ ಅದು ಉಳಿಯಿತು. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಆ ಅದಿರಿನಲ್ಲಿ ಅಯಸ್ಕಾಂತದ ಗುಣವಿರುವುದರಿಂದ ನೆತ್ತಿಯ ಮೇಲೆ ದಿಕ್ಸೂಚಿಯ ಮುಳ್ಳನ್ನು ಪೂರ್ತಿ ನಂಬಬಾರದು. ನಕ್ಷೆಯನ್ನು ದೂರದ ಎರಡು ಶಿಖರಗಳಿಗೆ ಹೊಂದಿಸಿ ತಿರುಗಿಸಿಕೊಳ್ಳುವುದೇ ಸರಿಯಾದ ಕ್ರಮ.

ಮೇಷ್ಟ್ರು ಕಾಯುತ್ತಿದ್ದದ್ದು ಕೊನೆಯ ದಿನಕ್ಕೆ. ಮಾದರಿಗೆ ತೆಳುವಾಗಿ ಪ್ಲಾಸ್ಟರ್ ಬಳಿದು, ಒಣಗಿಸಿ, ಆಯಿಲ್ ಪೇಂಟ್ ಎರಡು ಕೋಟ್ ಹೊಡೆದ ಮೇಲೆ (ಒಂದೇ ಕೋಟ್ ಆದರೆ ನೀರಿಳಿದು ರಟ್ಟು ಉಬ್ಬುತ್ತದೆ), ಇಂಕ್ ಫಿಲ್ಲರಿನಲ್ಲಿ ನೀಲಿ ನೀರು ತುಂಬಿ ಬೆಟ್ಟದ ಏಣಿನ (ನೆತ್ತಿಯ ಅಂಚಿನ) ಮೇಲೆ ಹನಿ ಬಿಡುವುದು. ಒಳಗೆ ಬಿದ್ದ ಹನಿ ಜಾಗರದ ಸೋಮವಾಹಿನಿ ಹಿಡಿದು ಭದ್ರೆಯ ಕಡೆಗೆ. ಪೂರ್ವಕ್ಕೆ ಬಿದ್ದದ್ದು ವೇದಾ, ಅವತಿ ಹೊಳೆಗಳ ದಾರಿಯಲ್ಲಿ ಕಡೂರಿನ ಬಯಲಿಗೆ. ದಕ್ಷಿಣಕ್ಕೆ ಬಿದ್ದದ್ದು ಯಗಚಿಗೆ. ಪಶ್ಚಿಮ ಘಟ್ಟವೆಂದ ಮೇಲೆ ಒಂದು ಹನಿಯಾದರೂ ಅರಬ್ಬೀ ಸಮುದ್ರ ಸೇರುತ್ತದೆಂದು ಪ್ರತಿ ತಂಡದಲ್ಲೂ ಯಾರಾದರೂ ಪಣ ಕಟ್ಟಿ ಸೋಲುತ್ತಿದ್ದರು. ಚಂದ್ರದ್ರೋಣ ಇರುವುದು ಘಟ್ಟದ ಅಂಚಿನಿಂದ ಒಳಗೆ, ಪೂರ್ವಕ್ಕೆ. ಅಂಚು ಕುದುರೆಮುಖದ ಕಡೆಗಿದೆ. ತುಂಗಾ, ಭದ್ರಾ ಪೂರ್ವಕ್ಕೂ ನೇತ್ರಾವತಿ ಪಶ್ಚಿಮಕ್ಕೂ ಇಳಿಯುವುದು ಆ ಗಂಗಾಮೂಲದ ಸೀಮೆಯಲ್ಲಿ.

ಮೇಜು ಮುಗಿದಲ್ಲಿಂದ ಮುಂದಿನ ದಾರಿಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದೆವು. ಭದ್ರೆ ಕೂಡ್ಲಿಯಲ್ಲಿ ತುಂಗೆಯ ಜೊತೆ ಸೇರುತ್ತಾಳೆ. ವೇದಾ, ಅವತಿ ಕೂಡಿ ಆದ ವೇದಾವತಿ ಮಾರಿಕಣಿವೆಯ ವಾಣಿವಿಲಾಸ ಸಾಗರ ತುಂಬಿಸಬೇಕು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಷ್ಟು ಒಣ ಸೀಮೆಯ ಪಯಣ ಅವಳದು. ಆಮೇಲೆ ಹಗರಿ ಎನಿಸಿಕೊಂಡು ಬಳ್ಳಾರಿ ಸೀಮೆಯಲ್ಲಿ ತುಂಗಭದ್ರೆಗೆ. ಒಂದೇ ಏಣಿನ ಎರಡು ಪಕ್ಕಕ್ಕೆ ಬಿದ್ದ ಹನಿಗಳು ಅಲ್ಲಿ, ಕೋಣೆಯ ಬಾಗಿಲ ಹತ್ತಿರ, ಮತ್ತೆ ಕೂಡುತ್ತಿದ್ದವು. ಯಗಚಿಯ ಗೆರೆ ಮಾತ್ರ ಇನ್ನೊಂದು ಗೋಡೆಯ ಕಡೆ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ.