ಮೋಟಾರು ಹಾಕಿದ ಸೈಕಲ್ಲಿಗೆ ಡಿಸ್ಕ್ ಬ್ರೇಕ್: ಮುಂದಿನ ಚಕ್ರಕ್ಕೆ ಮೊದಲು

ಸೈಕಲ್ಲಿಗೆ 250 ವ್ಯಾಟಿನ ಹಬ್ ಮೋಟಾರ್ (ಚಕ್ರದ ನಡುಭಾಗವಾದ ಹಬ್ಬಿನಲ್ಲೇ ಇರುವ ಮೋಟಾರ್) ಕಿಟ್ ಕೂರಿಸುವವರು ಬ್ಯಾಟರಿ, ಕಂಟ್ರೋಲರ್ ಬಗ್ಗೆ ಎಲ್ಲ ತಿಳಿದುಕೊಂಡಿರುತ್ತಾರೆ. ಬ್ರೇಕು ಮಾತ್ರ ಸೈಕಲ್ ಜೊತೆ ಬಂದದ್ದೇ. ತುಳಿಯುವಾಗ 15 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಸೈಕಲ್ ಈಗ 25ರಲ್ಲಿ ಓಡುತ್ತದೆ ಎಂದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 2.8 ಪಟ್ಟು. ಸವಾರ, ಬ್ಯಾಟರಿ, ಚೀಲ ಎಲ್ಲ ಸೇರಿ 110 ಕೆ.ಜಿ. ಅಂದುಕೊಳ್ಳಿ: 25ರಿಂದ ನಿಲ್ಲಲು 2,650 ಜೂಲ್. ಅದನ್ನು ವಿ-ಬ್ರೇಕ್ (ರಬ್ಬರಿನಿಂದ ರಿಮ್ಮನ್ನು ಅಮುಕುವ ಬ್ರೇಕು) ಹೇಗೋ ತಡೆಯುತ್ತದೆ. ಆದರೆ ಘಟ್ಟದಲ್ಲಿ ಬರೀ 100 ಮೀಟರ್ ಎತ್ತರ ಇಳಿದರೆ ಸುಮಾರು 1,08,000 ಜೂಲ್, ಅಂಥ 40 ನಿಲುಗಡೆಗಳಷ್ಟು. ಗಾಳಿ, ಟೈರು ತಿನ್ನುವುದನ್ನು ಬಿಟ್ಟರೆ ಉಳಿದದ್ದೆಲ್ಲ ಬ್ರೇಕಿನ ಪಾಲು. ಮಳೆಗಾಲದಲ್ಲಂತೂ ಕೆಂಪುಮಣ್ಣಿನ ಕೆಸರು ರಬ್ಬರಿಗೂ ರಿಮ್ಮಿಗೂ ನಡುವೆ ಸೇರಿ ಉಪ್ಪುಕಾಗದದ ಹಾಗೆ ರಿಮ್ಮನ್ನೇ ತೇಯುತ್ತದೆ.

ಇದಕ್ಕೆ ಪರಿಹಾರ ಡಿಸ್ಕ್ ಬ್ರೇಕ್: ಹಬ್ಬಿಗೆ ಕೂರಿಸಿದ ತಟ್ಟೆಯನ್ನು (ರೋಟರ್) ಫೋರ್ಕಿಗೆ ಕೂರಿಸಿದ ಕ್ಯಾಲಿಪರ್ ಎರಡು ಪ್ಯಾಡುಗಳಿಂದ ಅಮುಕಿ ಹಿಡಿಯುತ್ತದೆ. ಆದರೆ ಎರಡೂ ಚಕ್ರಕ್ಕೆ ಒಟ್ಟಿಗೆ ಡಿಸ್ಕ್ ಹಾಕಿಸಲು ಹೊರಡಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ, ಸೈಕಲ್ ನಿಲ್ಲಿಸುವುದು ಮುಂದಿನ ಚಕ್ರ. ಮೋಟಾರ್ ಹಿಂದಿದ್ದರೆ ಮುಂದೆ ಡಿಸ್ಕ್, ಹಿಂದೆ ಈಗಿರುವ ವಿ-ಬ್ರೇಕ್, ಇಷ್ಟು ಸಾಕು. ಅರ್ಧ ಖರ್ಚು, ಕಾಲು ಭಾಗ ತಲೆನೋವು.

ಕೊಳ್ಳುವ ಮುಂಚೆ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲಿನ ಕವಲು ನೋಡಿ. ಅದರ ಎಡಗಾಲಿನ ಕೆಳತುದಿಯ ಹಿಂಬದಿಯಲ್ಲಿ ಎರಡು ತೂತಿನ ಕಿವಿ ಇದೆಯೇ? ತೂತುಗಳ ನಡುವೆ 74 ಮಿ.ಮೀ. ಇದ್ದು ಒಳಗೆ ಮರೆ (ಸ್ಕ್ರೂ ಥ್ರೆಡ್) ಇದ್ದರೆ ಪೋಸ್ಟ್ ಮೌಂಟ್. 51 ಮಿ.ಮೀ. ಇದ್ದು, ತೂತು ಅಡ್ಡಕ್ಕೆ ಆರಪಾರಾಗಿ, ಮರೆಯಿಲ್ಲದೆ ಇದ್ದರೆ ಐಎಸ್ ಮೌಂಟ್. ಕಿವಿಯೇ ಇಲ್ಲದಿದ್ದರೆ ಫೋರ್ಕ್ ಬದಲಿಸುವುದೊಂದೇ ದಾರಿ. ಕ್ಲ್ಯಾಂಪ್ ಕಟ್ಟಿ ಕ್ಯಾಲಿಪರ್ ನಿಲ್ಲಿಸುವ ಅಡಾಪ್ಟರ್ ಸಿಗುತ್ತದೆ, ವೆಲ್ಡಿಂಗ್ ಅಂಗಡಿಯವರೂ ಒಂದು ತುಂಡು ಅಂಟಿಸಿಕೊಡುತ್ತಾರೆ. ಮುಂದಿನ ಚಕ್ರಕ್ಕೆ ಎರಡೂ ಬೇಡ. ವಿ-ಬ್ರೇಕಿನ ಒತ್ತಡ ಫೋರ್ಕಿನ ಮೇಲ್ಭಾಗದಲ್ಲಿ ಎರಡೂ ಕಾಲಿಗೆ ಹಂಚಿಹೋಗುತ್ತದೆ. ಡಿಸ್ಕಿನದು ಎಡಗಾಲಿನ ತುದಿಯೊಂದಕ್ಕೇ ಬೀಳುತ್ತದೆ, ಆ ಕೊಳವೆಯನ್ನು ಅದಕ್ಕಾಗಿ ಮಾಡಿರುವುದಿಲ್ಲ. ರಾಡ್ ಬ್ರೇಕಿನ ಹಳೆಯ ಸೈಕಲ್ಲಾದರೆ ಈ ಆಸೆಯನ್ನೇ ಬಿಡಿ.

ಹೊಸ ಫೋರ್ಕ್ ತರುವಾಗ ಹ್ಯಾಂಡಲ್ ಕಡೆಗೆ ಮೇಲೇರುವ ಸ್ಟಿಯರರ್ ಕೊಳವೆಯ ಅಳತೆ, ಅದು ಮರೆಯಿರುವುದೋ ಇಲ್ಲದ್ದೋ ಎಂಬುದು, ಆಕ್ಸಲ್ ಕೂರುವ ಜಾಗದ 100 ಮಿ.ಮೀ. ಅಗಲ, ಒಟ್ಟು ಉದ್ದ, ಈ ನಾಲ್ಕೂ ಹೊಂದಬೇಕು. ಚಕ್ರಕ್ಕೆ ಆರು ಬೋಲ್ಟಿನ ಡಿಸ್ಕ್ ಹಬ್ ಬೇಕು. ರಿಮ್ ಹಳೆಯದೇ ಇರಲಿ ಅಂದರೆ ತೂತುಗಳನ್ನು ಎಣಿಸಿ: ರಿಮ್ 36ರದ್ದಾದರೆ ಹಬ್ಬೂ 36ರದ್ದು. ಸ್ಪೋಕ್ ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿಯೇ ಕಟ್ಟಿಸಬೇಕು. ಹಬ್ಬಿನಿಂದ ನೇರ ರಿಮ್ಮಿಗೆ ಹೋಗುವ ಕಡ್ಡಿ ಡಿಸ್ಕಿನ ತಿರುಚು ಬಲವನ್ನು ರಿಮ್ಮಿಗೆ ಸರಿಯಾಗಿ ದಾಟಿಸಲಾರದು.

ರೋಟರ್ 160 ಮಿ.ಮೀ. ಊರೊಳಗಿನ ಓಡಾಟಕ್ಕೆ ಸಾಲುತ್ತದೆ. ಭಾರ ಹೊರುವವರಿಗೆ, ಇಳಿಜಾರಿನವರಿಗೆ 180 ಒಳ್ಳೆಯದು, ಫೋರ್ಕ್ ತಯಾರಕರು ಅಷ್ಟಕ್ಕೆ ಒಪ್ಪಿದ್ದರೆ ಮಾತ್ರ.

ಕ್ಯಾಲಿಪರ್ ಕೇಬಲ್ಲಿನದೇ ಇರಲಿ ಎನ್ನುವುದಕ್ಕೆ ಕಾರಣ ಲಿವರ್. ಕಿಟ್ಟಿನ ಲಿವರಿನಿಂದ ಒಂದು ಸಣ್ಣ ವೈರು ಕಂಟ್ರೋಲರಿಗೆ ಹೋಗಿರುತ್ತದೆ. ಬ್ರೇಕ್ ಹಿಡಿದ ಕೂಡಲೇ ಮೋಟಾರಿಗೆ ಕರೆಂಟ್ ಕಡಿಯುವುದು ಅದು. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಹಾಕಿದರೆ ಆ ಲಿವರ್ ಹೋಯಿತು, ಅಯಸ್ಕಾಂತದ ಸೆನ್ಸರ್ ಬೇರೆ ಅಂಟಿಸಬೇಕು. ಜೊತೆಗೆ ಎಣ್ಣೆಯ ರಗಳೆ: ಶಿಮಾನೊ, ಟೆಕ್ಟ್ರೊ ಬ್ರೇಕುಗಳಿಗೆ ಮಿನರಲ್ ಆಯಿಲ್. ಗ್ಯಾರೇಜಿನವರು ಬೈಕಿಗೆ ಹಾಕುವ ಡಾಟ್ ಎಣ್ಣೆ ಸುರಿದರೆ ಒಳಗಿನ ಸೀಲುಗಳು ಉಬ್ಬಿ ಬ್ರೇಕೇ ಕೆಡುತ್ತದೆ.

ವಿ-ಬ್ರೇಕಿನ ಲಿವರ್ ಕೇಬಲ್ಲನ್ನು ಉದ್ದಕ್ಕೆ ಎಳೆಯುತ್ತದೆ. ಅದಕ್ಕೆ ಎಂಟಿಬಿ (ಮೌಂಟನ್ ಬೈಕ್) ಕ್ಯಾಲಿಪರ್ ಕೊಳ್ಳಿ. ರೋಡ್ ಬೈಕಿನದು ಗಿಡ್ಡ ಎಳೆತದ್ದು. ಲಿವರ್ ಕಲ್ಲಿನಂತೆ ಗಟ್ಟಿ ಅನಿಸಿದರೂ ಹಿಡಿತ ಇರುವುದಿಲ್ಲ. ಹೊರಕವಚವೂ ಬ್ರೇಕಿನದೇ ಆಗಬೇಕು, ಗೇರ್ ಕೇಬಲ್ಲಿನದು ಜೋರು ಹಿಡಿತಕ್ಕೆ ಸೀಳಿಹೋಗಬಹುದು.

ಜೋಡಣೆ. ರೋಟರಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಆರು ಬೋಲ್ಟುಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ನಕ್ಷತ್ರ ತುದಿಯ ಟಿ25 ಕೀಲಿಯಿಂದ ಎದುರುಬದುರು ಸರದಿಯಲ್ಲಿ 4ರಿಂದ 6 ನ್ಯೂಟನ್ ಮೀಟರ್ ಬಿಗಿ ಮಾಡಿ. ರೋಟರಿನ ಮುಖಕ್ಕೆ ಬೆರಳು ತಾಗಿಸಬೇಡಿ. ಚಕ್ರ ಫೋರ್ಕಿನಲ್ಲಿ ಪೂರ್ತಿ ಕುಳಿತ ಮೇಲೇ ಕ್ಯಾಲಿಪರ್ ತಂಟೆಗೆ ಹೋಗಿ. ಬ್ರೇಕ್ ಹಿಡಿದಾಗ ಈ ಆಕ್ಸಲ್ಲಿಗೆ ಕೆಳಗೆ ಜಾರುವ ಒತ್ತಡ ಬರುತ್ತದೆ. ಹಾಗಾಗಿ ಫೋರ್ಕ್ ತುದಿಯ ಸಣ್ಣ ಏಣನ್ನು, ಚಕ್ರ ಬಿಚ್ಚಲು ಸಲೀಸಾಗಲಿ ಎಂದು ಅರ ಹಾಕಿ ಉಜ್ಜಿ ತೆಗೆಯಬಾರದು.

ಕೇಬಲ್ ಕ್ಯಾಲಿಪರುಗಳಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಚಲಿಸುತ್ತದೆ, ಒಳಗಿನದು ನಿಂತಲ್ಲೇ ನಿಲ್ಲುತ್ತದೆ. ಹೊರಗಿನದು ರೋಟರನ್ನು ಬಗ್ಗಿಸಿ ಒಳಗಿನದಕ್ಕೆ ಒತ್ತುತ್ತದೆ. ಆದ್ದರಿಂದ ಒಳಗಿನ ಪ್ಯಾಡ್ ರೋಟರಿಗೆ ತಾಗೀತೋ ತಾಗದೋ ಅನ್ನುವಷ್ಟು ಹತ್ತಿರ ಇರಬೇಕು. ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಬಲವಾಗಿ ಹಿಡಿದು, ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ 6ರಿಂದ 8 ನ್ಯೂಟನ್ ಮೀಟರ್ ತನಕ ಬಿಗಿ ಮಾಡಿ. ಆಮೇಲೆ ನೆಲದ ಮೇಲೆ ಬಿಳಿ ಹಾಳೆ ಹಾಸಿ, ಕ್ಯಾಲಿಪರಿನ ಸಂದಿಯೊಳಗಿಂದ ಕೆಳಗೆ ನೋಡಿ. ರೋಟರಿನ ಎರಡೂ ಬದಿ ಬಿಳಿ ಗೆರೆ ಕಾಣಬೇಕು, ಒಳಬದಿಯದು ಕೂದಲೆಳೆಯಷ್ಟು. ಗೆರೆ ಮುಚ್ಚಿದ ಕಡೆ ಉಜ್ಜುತ್ತಿದೆ ಎಂದರ್ಥ. ಒಂದೇ ಸುತ್ತಿನಲ್ಲಿ ಮುಚ್ಚಿ ತೆರೆಯುತ್ತಿದ್ದರೆ ಬಾಗಿರುವುದು ರೋಟರ್, ಕ್ಯಾಲಿಪರಿನದು ತಪ್ಪಿಲ್ಲ.

ಚಕ್ರ ಎತ್ತಿ, ಮೋಟಾರ್ ಓಡಿಸಿ, ಲಿವರ್ ನಿಧಾನಕ್ಕೆ ಹಿಡಿಯಿರಿ. ಪ್ಯಾಡ್ ರೋಟರ್ ಮುಟ್ಟುವ ಮೊದಲೇ ಮೋಟಾರ್ ಕಡಿಯಬೇಕು. ಕಡಿಯದಿದ್ದರೆ ರಸ್ತೆಗೆ ಇಳಿಸಬೇಡಿ.

ಹೊಸ ಪ್ಯಾಡ್ ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ 20ರ ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, 20-30 ಸಲ ಇಳಿಸಿ. ಕಿರುಚಾಟ ಹೆಚ್ಚಿನ ಸಲ ಎಣ್ಣೆಯದು: ಚೈನಿಗೆ ಸ್ಪ್ರೇ ಹೊಡೆಯುವಾಗ ಸಿಡಿದ ನಾಲ್ಕು ಹನಿ ಸಾಕು. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಲೇಸು.

ಹಿಂದೆಯೂ ಬೇಕೇ ಬೇಕು ಅನ್ನುವವರು ಮೋಟಾರಿನ ಎಡಮುಚ್ಚಳದಲ್ಲಿ ಆರು ತೂತು ಇವೆಯೇ, ಆ ಮುಚ್ಚಳ ಕ್ಯಾಲಿಪರಿಗೆ ತಾಗುತ್ತದೆಯೇ ನೋಡಿ. ತಾಗಿದರೆ ರೋಟರಿನ ಕೆಳಗೆ ಸ್ಪೇಸರ್ ಇಡಬೇಕು, ಸ್ಪೇಸರಿನ ದಪ್ಪದಷ್ಟೇ ಹೆಚ್ಚು ಉದ್ದದ ಬೋಲ್ಟ್ ಹಾಕಬೇಕು. ಗಿಡ್ಡದ್ದು ಅಲ್ಯೂಮಿನಿಯಂ ಮರೆಯನ್ನು ಕಿತ್ತುಕೊಂಡು ಬರುತ್ತದೆ. ಅತಿ ಉದ್ದದ್ದು ತಳಕ್ಕೆ ಮುಟ್ಟಿ ನಿಂತು, ಬಿಗಿಯಾದಂತೆ ತೋರಿ, ರೋಟರನ್ನು ಸಡಿಲವಾಗಿಯೇ ಬಿಟ್ಟಿರುತ್ತದೆ. ಮೋಟಾರಿನ ವೈರು ಎಡಗಡೆಯಿಂದ ಹೊರಬರುವುದಾದರೆ ರೋಟರಿನಿಂದ ದೂರಕ್ಕೆ ಎಳೆದು ಚೈನ್‌ಸ್ಟೇಗೆ (ಪೆಡಲಿನ ಕಡೆಯಿಂದ ಹಿಂದಿನ ಆಕ್ಸಲ್‌ವರೆಗಿನ ಕೊಳವೆ) ಕಟ್ಟಿ.

ಪ್ಯಾಡಿನಲ್ಲಿ 0.5 ಮಿ.ಮೀ. ಮಾತ್ರ ಉಳಿದಾಗ ಬದಲಿಸಿ, ರೋಟರ್ 1.8ರಿಂದ 1.5 ಮಿ.ಮೀ.ಗೆ ತೆಳುವಾದಾಗ ಅದನ್ನೂ. ಕೆಸರಿನ ದಾರಿಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಗ್ಗಿ ನೋಡಬೇಕು; ರೆಸಿನ್ ಪ್ಯಾಡ್ ಅಷ್ಟು ಬೇಗ ಸವೆಯುತ್ತದೆ. ಸವೆದಂತೆ ಲಿವರ್ ಸಡಿಲವಾದರೆ ಕೇಬಲ್ ಎಳೆದು ಸರಿಮಾಡಬೇಡಿ, ಒಳಗಿನ ಪ್ಯಾಡಿನ ಸ್ಕ್ರೂ ತಿರುಗಿಸಿ. ಕೇಬಲ್ ಎಳೆದರೆ ಒಳಗಿನ ಪ್ಯಾಡ್ ದೂರದಲ್ಲೇ ಉಳಿದು, ಪ್ರತಿ ಸಲವೂ ರೋಟರ್ ಹೆಚ್ಚೆಚ್ಚು ಬಗ್ಗಬೇಕಾಗುತ್ತದೆ.